ಹಿಂದಿನ ಬ್ರೇಕು

ಅರವತ್ತರ ದಶಕದ ನಡುವಿನ ಒಂದು ಬೇಸಿಗೆ, ಬೆಳಗಿನ ಹತ್ತೂವರೆ. ಹುಲಿಕಲ್ ಘಾಟಿಯ ನೆತ್ತಿಯಲ್ಲಿ, ಮೊದಲ ತಿರುವಿಗೆ ನೂರು ಹೆಜ್ಜೆ ಹಿಂದೆ, ರಸ್ತೆಯ ಎಡಕ್ಕೆ ನಾನು ನಿಂತಿದ್ದೆ. ಪಕ್ಕದಲ್ಲಿ ಹೊಸನಗರದ ದನದ ಡಾಕ್ಟರು ಇದ್ದರು.

ಆಗ ನಮ್ಮ ಕಡೆ ಮೋಟಾರ್ ಸೈಕಲ್ ಇದ್ದವರೇ ಏಳೆಂಟು ಜನ. ಘಾಟಿ ಇಳಿಯುವ ಮೊದಲು ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡಿಕೊಡಬೇಕು ಎಂಬ ರೂಢಿ ಹಾಕಿದವರು ಡಾಕ್ಟರೇ. ಯಾರ ಗಾಡಿಯಾದರೂ ಸರಿ, ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಎಂಜಿನ್ನಿನ ಸದ್ದು ಕೇಳುತ್ತಿದ್ದರು. "ನಮ್ಮ ಗಾಡಿ ದೋಷ ನಮ್ಗೆ ಕಾಣ್ಸಲ್ಲ ಮಾರಾಯ್ರೆ" ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ಅವತ್ತು ನನ್ನ ಚೈನು ಬಿಗಿಮಾಡಿಕೊಟ್ಟು, "ಈಗ ನಂದು ನೋಡಿ. ಹಿಂದಿನ ಬ್ರೇಕು ಯಾಕೋ ಸಡಿಲ ಅನ್ಸ್ತದೆ" ಎಂದರು.

ನಾನು ಹೆಣ್ಣು ನೋಡಲು ಹೊರಟಿದ್ದೆ, ಬಿಳಿ ಪ್ಯಾಂಟು ಹಾಕಿದ್ದೆ. ನಿಂತಲ್ಲಿಂದಲೇ ಪೆಡಲನ್ನು ಕಾಲಿನಿಂದ ಒತ್ತಿದೆ. ಹಿಡಿಯಿತು. ಕೂತು ನೋಡಲಿಲ್ಲ.

"ಸರಿ ಇದೆ, ಹೊರಡಿ."

"ಹೌದೌದು, ಮದ್ಮಗನ ಪ್ಯಾಂಟಿಗೆ ಧೂಳು ಹತ್ಬಾರ್ದು!" ಎಂದು ನಕ್ಕು ಹೊರಟರು.

ತಿರುವು ಬಂದಾಗ ಅವರು ಪೆಡಲು ಒತ್ತಿದ್ದು ಕಂಡಿತು. ಮತ್ತೆ ಒತ್ತಿದರು. ಮುಂದಿನ ಬ್ರೇಕೊಂದೇ ಆ ಇಳಿಜಾರಿಗೆ ಸಾಲಲಿಲ್ಲ. ಕಣಿವೆಯಿಂದ ಎತ್ತಿ ತಂದಾಗ ಅವರಲ್ಲಿ ಉಸಿರಿರಲಿಲ್ಲ.

ಕೆಳಗಿನಿಂದ ಹತ್ತಿ ಬರುತ್ತಿದ್ದ ಬಸ್ಸಿನ ಕಂಡಕ್ಟರೂ ಡಾಕ್ಟರು ಕಣಿವೆಗೆ ಬಿದ್ದದ್ದನ್ನು ನೋಡಿದ್ದರು. ಬ್ರೇಕಿನ ಸರಳಿನಿಂದ ಕಳಚಿ ರಸ್ತೆಯಲ್ಲಿ ಬಿದ್ದಿದ್ದ ನಟ್ಟನ್ನು ಹೆಕ್ಕಿ ತಂದು, "ಅವ್ರ ಗಾಡಿ ಯಾರೂ ನೋಡಿರ್ಲಿಲ್ವಾ?" ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. ಆ ಕಂಡಕ್ಟರು ಈಗಲೂ ತೀರ್ಥಹಳ್ಳಿಯಲ್ಲಿದ್ದಾರೆ, ಬೇಕಾದರೆ ಕೇಳಿ.