ಪನ್ನೀರು ಹೂವಿನ ಪಾನಕ

ನಾನು ಚಳ್ಳಕೆರೆಯ ಹುಡುಗಿ. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೈದು ತುಂಬಿತ್ತೋ ಇಲ್ಲವೋ. ಅಪ್ಪನಿಗೆ ಚಳ್ಳಕೆರೆಯ ಪೇಟೆಯಲ್ಲಿ ಸೀರೆ ಅಂಗಡಿ ಇತ್ತು. ಮೊಳಕಾಲ್ಮೂರಿನ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ತರುತ್ತಿದ್ದವನು ಅಂಥದೇ ಒಂದು ಮನೆಗೆ ನನ್ನನ್ನು ಕೊಟ್ಟ. ಕುಲ ಒಂದೇ, ಮನೆದೇವರೂ ಒಂದೇ. ಮನೆಮಾತು ಮಾತ್ರ ಬೇರೆ. ನಮ್ಮದು ಕನ್ನಡ, ಅವರದು ತೆಲುಗು.

"ಮಾತೇನು ಮಹಾ, ಆರು ತಿಂಗಳಿಗೆ ತಾನೇ ಬರ್ತೈತೆ" ಎಂದು ಅಪ್ಪ ಅವ್ವನಿಗೆ ಸಮಾಧಾನ ಹೇಳಿದ್ದ. ಅಪ್ಪನಿಗೆ ವ್ಯಾಪಾರದಿಂದಾಗಿ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ಮಾತು ಬಾರದವರ ಪಾಡು ಏನೆಂದು ಅವನಿಗೆ ಗೊತ್ತಿರಲಿಲ್ಲ.

ನನ್ನ ಗಂಡನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೆ ಮದುವೆಯಾದ ಎರಡನೇ ತಿಂಗಳಿಗೆ ಅವರು ಸೀರೆ ಗಂಟು ಹೊತ್ತು ಬಳ್ಳಾರಿಯ ಕಡೆ ಹೋದರು. ಮನೆಯಲ್ಲಿ ಉಳಿದವರು ಮಾವ, ಅತ್ತೆ, ನಾನು. ಮಾವ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಗುಣಿಯಲ್ಲಿ ಕಾಲಿಟ್ಟು ಕೂತಿರುವವರು. ಅವರ ಬಾಯಿಂದ ಯಾವ ಭಾಷೆಯೂ ಹೊರಡುತ್ತಿರಲಿಲ್ಲ. ಅತ್ತೆ ಮಗ್ಗದ ಪಕ್ಕದಲ್ಲೇ ರಾಟೆ ತಿರುವುತ್ತಾ ರೇಷ್ಮೆ ಎಳೆಯನ್ನು ಸಣ್ಣ ಕಂಡಿಕೆಗಳಿಗೆ ಸುತ್ತುತ್ತಿದ್ದರು. ಅವರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ನನಗೆ ತೆಲುಗು ಅಷ್ಟಿಷ್ಟೂ ಇಲ್ಲ. "ಅಮ್ಮಾಯಿ" ಎಂದರೆ ನನ್ನನ್ನು ಕರೆಯುತ್ತಿದ್ದಾರೆ ಎನ್ನುವುದಷ್ಟೇ ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ನಾನು ತುಂಬ ಅತ್ತೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಹಿತ್ತಲ ಬಾಗಿಲಲ್ಲಿ ಕೂತರೆ ಸಾಕು, ಕಣ್ಣು ತುಂಬಿಕೊಳ್ಳುತ್ತಿತ್ತು. ಎದುರಿಗಿನ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಊರಿನ ಮೇಲೆ ಬಿಸಿ ಉಗುಳುತ್ತಿದ್ದವು. ಆ ಹೊತ್ತಿಗೆ ನಮ್ಮ ಚಳ್ಳಕೆರೆಯ ಮನೆಯಲ್ಲಿ ಅವ್ವ ಪಾನಕ ಮಾಡುತ್ತಿದ್ದದ್ದು ನೆನಪಾಗುತ್ತಿತ್ತು.

ನಮ್ಮ ಬಚ್ಚಲ ನೀರು ಹರಿಯುವಲ್ಲಿ ಪನ್ನೀರು ಹೂವಿನ ಗಿಡವಿತ್ತು. ತಿಳಿಗೆಂಪು ಹೂ, ತೆಳ್ಳನೆಯ ಎಸಳು, ಮುಟ್ಟಿದರೆ ಕೈಗೆಲ್ಲ ಘಮ. ಅವ್ವ ಎಸಳಿನ ಬುಡದ ಬಿಳಿಯ ಭಾಗವನ್ನು ಚಿವುಟಿ ತೆಗೆದು, ಉಳಿದದ್ದನ್ನು ಕಲ್ಲುಸಕ್ಕರೆಯ ಜೊತೆ ಒರಳಲ್ಲಿ ಅರೆದು, ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ದಿನ ಬಿಸಿಲಿಗೆ ಇಡುತ್ತಿದ್ದಳು. ಮರುದಿನ ಗಡಿಗೆಯ ತಣ್ಣೀರಿಗೆ ಅದನ್ನು ಕಲಸಿ, ಸೋಸಿ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಹಾಕಿ, ಕೊನೆಗೆ ನಿಂಬೆಹಣ್ಣು ಹಿಂಡುತ್ತಿದ್ದಳು. "ಜೋರಾಗಿ ಹಿಂಡಬ್ಯಾಡ, ಸಿಪ್ಪೆ ಕಹಿ ಇಳೀತೈತೆ" ಎನ್ನುತ್ತಿದ್ದಳು. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಕುಡಿದು, ಒಂದಷ್ಟು ಹೊತ್ತು ಹರಟಿ ಹೋಗುತ್ತಿದ್ದರು.

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿಯೂ ಅಂಥದೊಂದು ರೂಢಿ ಇತ್ತು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಬಿಡುವು. ಬೇಸಿಗೆಯ ಅಮಾವಾಸ್ಯೆಗಳಲ್ಲಿ ಬೀದಿಯವರೆಲ್ಲ ಸಂಜೆ ಬೇವಿನಮರದ ಕೆಳಗೆ ಸೇರುತ್ತಿದ್ದರು, ಒಂದೊಂದು ಸಲ ಒಂದೊಂದು ಮನೆಯವರು ಮಜ್ಜಿಗೆಯನ್ನೋ ಪಾನಕವನ್ನೋ ಕೊಡುತ್ತಿದ್ದರು. ಮುಂದಿನ ಸರದಿ ನಮ್ಮದು ಎಂದು ತಿಳಿದಾಗ ನನಗೆ ಎಷ್ಟೋ ದಿನಗಳ ಮೇಲೆ ಒಂದು ಆಸೆ ಹುಟ್ಟಿತು. ಅವ್ವನ ಪಾನಕ ನಾನೇ ಮಾಡಬೇಕು.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಅತ್ತೆಯ ಪಕ್ಕ ಹೋಗಿ ಕೂತೆ. ಮಗ್ಗ ಬಡಿಯುತ್ತಿತ್ತು, ರಾಟೆ ತಿರುಗುತ್ತಿತ್ತು. ಹೊಸ ಸೊಸೆಯ ದನಿ ಎಷ್ಟು ಏರೀತು?

"ಅತ್ತೆಮ್ಮ, ಪನ್ನೀರು ಹೂ ಇಲ್ಲಿ ಎಲ್ಲಿ ಸಿಗತೈತ್ರೀ?"

ಅತ್ತೆಯ ಕೈ ಹಾಗೇ ನಿಂತಿತು. "ಗನ್ನೇರಾ?" ಎಂದರು.

ಅವರ ಕಡೆ ಹಾಗೆ ಅನ್ನುತ್ತಾರೇನೋ ಎಂದುಕೊಂಡು ತಲೆಯಾಡಿಸಿದೆ. "ಹೂಂ ರೀ. ಅರೆದು ನೀರಿಗೆ ಹಾಕಿ ಕುಡೀಬೇಕು ಅನ್ನಿಸೈತೆ. ಒಂದ್ಸಲ ಕುಡಿದ್ರೆ ನನ್ನ ಸಂಕಟ ಎಲ್ಲಾ ಹೋಗತೈತೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ತೆಲುಗಿನಲ್ಲಿ ಏನೇನೋ ಹೇಳಿದರು. ನನಗೆ ಒಂದೂ ಅರ್ಥವಾಗಲಿಲ್ಲ.

ಅಂದಿನಿಂದ ನನ್ನ ಮೇಲೆ ಕಾವಲು ಶುರುವಾಯಿತು. ಬಾವಿಗೆ ಹೊರಟರೆ ಅತ್ತೆಯೂ ಹಿಂದೆ. ಹಿತ್ತಲಿಗೆ ಹೋದರೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರ ಹಾಸಿಗೆ ನನ್ನ ಹಾಸಿಗೆಯ ಪಕ್ಕಕ್ಕೆ ಬಂತು. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಮಾವ ಮಗ್ಗ ಬಿಟ್ಟು ಹಿತ್ತಲಲ್ಲಿ ಕೊಡಲಿ ಹಿಡಿದು ಹೂ ತುಂಬಿದ ಕಣಗಿಲೆ ಗಿಡವನ್ನು ಬುಡಸಮೇತ ಕಡಿಯುತ್ತಿದ್ದಾರೆ! ದೇವರ ಪೂಜೆಗೆ ದಿನಾ ಅದೇ ಗಿಡದ ಹೂ. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಊಟದ ಹೊತ್ತಿಗೆ ಅತ್ತೆ ನನ್ನ ತಟ್ಟೆಗೆ ತುಪ್ಪ ಸುರಿಯುತ್ತಿದ್ದರು. ಮುದ್ದೆ ಮುರಿದು ಬಾಯಿಗೆ ಇಡಲು ಬರುತ್ತಿದ್ದರು. ನನಗೆ ಅದು ಪ್ರೀತಿ ಅನ್ನಿಸಲೇ ಇಲ್ಲ. ಓಡಿ ಹೋಗುತ್ತಾಳೆಂದು ಕಾಯುತ್ತಿದ್ದಾರೆ, ನನ್ನನ್ನು ನಂಬುವುದಿಲ್ಲ ಎಂದುಕೊಂಡು ಇನ್ನಷ್ಟು ಅತ್ತೆ. ನಾನು ಅತ್ತಷ್ಟೂ ಅವರು ಹತ್ತಿರ ಬಂದರು.

ಐದನೆಯ ದಿನ ಮಧ್ಯಾಹ್ನ ಬಾಗಿಲ ಮುಂದೆ ಗಾಡಿ ನಿಂತಿತು. ಇಳಿದವನು ನನ್ನ ಅಪ್ಪ! ರುಮಾಲು ಜಾರಿತ್ತು, ಮುಖ ಧೂಳಿನಿಂದ ಬೆಳ್ಳಗಾಗಿತ್ತು. "ಮಗಳನ್ನ ಬಂದು ನೋಡಿ, ತಡ ಮಾಡಬೇಡಿ" ಎಂದು ಮಾವ ಚಳ್ಳಕೆರೆಯ ಕಡೆ ಹೋಗುವ ಗಾಡಿಯವರ ಕೈಯಲ್ಲಿ ಹೇಳಿ ಕಳಿಸಿದ್ದರಂತೆ. ಅಪ್ಪ ದಾರಿಯುದ್ದಕ್ಕೂ ಎತ್ತುಗಳನ್ನು ಓಡಿಸಿಕೊಂಡು ಬಂದಿದ್ದ. ನನ್ನನ್ನು ಕಂಡವನೇ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದ.

"ಏನಾಗೈತವ್ವಾ ನಿನಗೆ?"

"ನನಗೇನೂ ಆಗಿಲ್ಲಪ್ಪ. ಇವರಿಗೇ ಏನೋ ಆಗೈತೆ."

ಅಪ್ಪ ಅತ್ತೆಯ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಡೆದು ತಡೆದು ಹೇಳಿದರು. ಕೇಳುತ್ತಾ ಕೇಳುತ್ತಾ ಅಪ್ಪನ ಮುಖ ಬಿಳಿಚಿತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ನೀನು ಕಣಗಿಲೆ ಅರೆದು ಕುಡೀತೀನಿ ಅಂದ್ಯಂತೆ, ಹೌದಾ?"

"ಕಣಗಿಲೆನಾ? ಅದು ವಿಷ ಅಲ್ಲೇನಪ್ಪ! ನಾನು ಪನ್ನೀರು ಹೂ ಕೇಳಿದ್ದು. ಅವ್ವ ಮಾಡೋ ಪಾನಕ ಅಮಾವಾಸ್ಯೆಗೆ ಮಾಡೋಣ ಅಂತ."

ಅಪ್ಪ ಜಗಲಿಯ ಮೇಲೆ ಕುಸಿದು ಕೂತ. ಮೊದಲು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ತೆಲುಗಿನಾಗೆ ಕಣಗಿಲೆಗೆ ಗನ್ನೇರು ಅಂತಾರವ್ವಾ. ನೀ ಪನ್ನೀರು ಅಂದಿದ್ದು ಇವರಿಗೆ ಗನ್ನೇರು ಅಂತ ಕೇಳೈತೆ" ಎಂದ. ಆಮೇಲೆ ಅದನ್ನೇ ಅತ್ತೆಗೂ ಮಾವನಿಗೂ ತೆಲುಗಿನಲ್ಲಿ ತಿಳಿಸಿದ.

ಮಾವ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅತ್ತೆ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು ಕೂತು, ತಮ್ಮ ಮುರುಕು ಕನ್ನಡದಲ್ಲಿ ಹೇಳತೊಡಗಿದರು. ಅವರಿಗೆ ಸಿಗದ ಮಾತುಗಳನ್ನು ಅಪ್ಪ ತುಂಬಿಕೊಟ್ಟ. ಅವರಿಗೊಬ್ಬ ಅಕ್ಕ ಇದ್ದಳಂತೆ. ಗಂಡನ ಮನೆಯಲ್ಲಿ ಅಳುತ್ತಿದ್ದಳಂತೆ. ಹೊಸದರಲ್ಲಿ ಎಲ್ಲಾ ಹುಡುಗಿಯರೂ ಅಳುತ್ತಾರೆ ಎಂದು ಯಾರೂ ಗಮನ ಕೊಡಲಿಲ್ಲ. ಒಂದು ದಿನ ಅವಳು ಕಣಗಿಲೆ ತಿಂದು ಸತ್ತಳು.

"ಅಕ್ಕನ್ನ ಯಾರೂ ಕೇಳಲಿಲ್ಲ ಅಮ್ಮಾಯಿ" ಎಂದರು ಅತ್ತೆ. "ಏನು ಕಷ್ಟ ಅಂತ ಒಬ್ರೂ ಕೇಳಲಿಲ್ಲ. ನಿನ್ನ ಕೇಳೋದಕ್ಕೆ ನನಗೆ ಮಾತು ಬರಲಿಲ್ಲ."

ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಐದು ದಿನ ಅವರ ಬಗ್ಗೆ ಏನೇನು ಎಣಿಸಿದ್ದೆನೋ ಎಲ್ಲ ನಾಚಿಕೆಯಾಗಿ ಹರಿಯಿತು. ಅವರು ನನ್ನ ಜಡೆ ಬಿಚ್ಚಿ, ಬೆರಳಲ್ಲಿ ಸಿಕ್ಕು ಬಿಡಿಸುತ್ತಾ ಕೂತರು.

ಸ್ವಲ್ಪ ಹೊತ್ತಿಗೆ ಎದ್ದು, "ಆ ಹೂ ಎಂಥದ್ದು?" ಎಂದು ಕೇಳಿದರು. ನಾನು ಬಣ್ಣ ಹೇಳಿದೆ, ಮುಳ್ಳು ಹೇಳಿದೆ, ಘಮ ಹೇಳಲು ಹೋಗಿ ಸೋತೆ. ಮರುದಿನ ಬೆಳಿಗ್ಗೆ ಒಬ್ಬರೇ ಪೇಟೆಗೆ ಹೋದರು. ದರ್ಗಾದ ಮುಂದೆ ಹೂ ಮಾರುವ ಮುದುಕ ಸಾಬರ ಹತ್ತಿರ ನಾನು ಹೇಳಿದ ಗುರುತನ್ನೆಲ್ಲ ಹೇಳಿದರಂತೆ. ಅವರು "ಗುಲಾಬ್ ಕ್ಯಾ?" ಎಂದು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದರಂತೆ. ಅತ್ತೆ ಮಡಿಲು ತುಂಬ ಹೂ ತಂದು ನನ್ನ ಮುಂದೆ ಸುರಿದರು.

"ಗುಲಾಬಿ ಅಂದಿದ್ರೆ ಆಗ್ತಿರಲಿಲ್ಲವಾ ನಿಂಗೆ? ಗಿಡ ಉಳೀತಿತ್ತು!" ಎಂದು ಹುಸಿಕೋಪ ತೋರಿದರು. ಆಗ ಅವರೂ ನಕ್ಕರು.

ಇಬ್ಬರೂ ಕೂತು ಎಸಳು ಬಿಡಿಸಿದೆವು. ಹೂ, ಎಸಳು, ಒರಳು, ಜಾಡಿ, ಒಂದೊಂದಕ್ಕೂ ನಾನು ಕನ್ನಡದ ಹೆಸರು ಹೇಳಿದೆ, ಅವರು ತೆಲುಗಿನದು ಹೇಳಿದರು. ಅಪ್ಪ ಅಮಾವಾಸ್ಯೆ ಮುಗಿಸಿಕೊಂಡೇ ಹೋಗುತ್ತೇನೆಂದು ಉಳಿದ.

ಅಮಾವಾಸ್ಯೆಯ ಸಂಜೆ ಬೇವಿನ ಕೆಳಗೆ ಇಡೀ ಬೀದಿ ಸೇರಿತು. ನಾನು ನಿಂಬೆಹಣ್ಣು ಸ್ವಲ್ಪ ಹೆಚ್ಚೇ ಹಿಂಡಿಬಿಟ್ಟಿದ್ದೆ, ನಾಲಿಗೆಯ ತುದಿಗೆ ಕಹಿ ತಾಗುತ್ತಿತ್ತು. ಯಾರೂ ದೂರಲಿಲ್ಲ. ಹೆಂಗಸರು ಲೋಟ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ನೋಡಿ ಕುಡಿದರು. ಒಬ್ಬಾಕೆ ಅತ್ತೆಯನ್ನು ಏನೋ ಕೇಳಿದಳು, ಕಡಿದ ಗಿಡದ ವಿಷಯವಿರಬೇಕು. ಅತ್ತೆ ಆ ಮಾತನ್ನು ಅಲ್ಲಿಗೇ ಹಾರಿಸಿ, ನನ್ನ ಬೆನ್ನ ಮೇಲೆ ಕೈಯಿಟ್ಟು, "ಮಾ ಕೋಡಲು ಚೇಸಿಂದಿ" ಎಂದರು. ನಮ್ಮ ಸೊಸೆ ಮಾಡಿದ್ದು ಎಂದು. ಅಪ್ಪ ಹೇಳಿಕೊಡುವ ಮೊದಲೇ ನನಗೆ ಅರ್ಥವಾದ ಮೊದಲ ತೆಲುಗು ಮಾತು ಅದು.

ಮರುದಿನ ಅಪ್ಪ ಗಾಡಿ ಕಟ್ಟುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ನಿಂಗೆ ಅವ್ವನ ಹತ್ರ ಹೋಗಬೇಕು ಅನ್ನಿಸೈತಾ? ಖರೆ ಹೇಳು."

"ಹೂಂ ರೀ" ಎಂದೆ.

"ಹೋಗು. ಹದಿನೈದು ದಿನ ಇದ್ದು ಬಾ. ಅವನು ಬಳ್ಳಾರಿಯಿಂದ ಬಂದ್ರೆ ನಾನು ಹೇಳ್ತೀನಿ."

ದಾರಿಗೆಂದು ಹುರಿಗಡಲೆ ಉಂಡೆ ಕಟ್ಟಿಕೊಟ್ಟು, ಊರ ಹೊರಗಿನವರೆಗೂ ಗಾಡಿಯ ಪಕ್ಕ ನಡೆದು ಬಂದರು. ನಾನು ಹೋದೆ. ಹದಿನೈದು ದಿನ ಇರಲಾಗಲಿಲ್ಲ. ಹನ್ನೆರಡನೆಯ ದಿನಕ್ಕೇ, "ಅಪ್ಪಾ, ನಮ್ಮನೆಗೆ ಬಿಟ್ಟು ಬಾ" ಎಂದುಬಿಟ್ಟೆ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿ, ನನ್ನ ಸೀರೆಗಳನ್ನು ಮಡಿಸತೊಡಗಿದಳು.