ಗಂಗಕ್ಕನ ಬಾಗಿಲಿಗೆ ಹಾಕಿದ ಮುಳ್ಳು

ಗಂಗಕ್ಕ, ನಿಮ್ಮ ಯಜಮಾನರು ಪಂಚಕದಲ್ಲಿ ಸಾಯಲಿಲ್ಲ. ಪಂಚಕ ಹಿಡಿಯುವ ಮೊದಲೇ ಅವರ ಜೀವ ಹೋಗಿತ್ತು. ಕೆಟ್ಟ ನಕ್ಷತ್ರದಲ್ಲಿ ಹೋಯಿತೆಂದು ಸುಳ್ಳು ಹೇಳಿದವನು ನಾನು — ನಿಮ್ಮ ಮನೆಯ ಓನರು, ನೀವು ‘ತಮ್ಮ’ ಎಂದು ಕರೆಯುತ್ತಿದ್ದವನು. ನನಗೆ ಆ ಮನೆ ಖಾಲಿಯಾಗಬೇಕಿತ್ತು. ಅದಕ್ಕೆ ಹೇಳಿದೆ.

ಬರೆದಾಯಿತು. ಎಷ್ಟೋ ವರ್ಷ ಬಾಯಿಯವರೆಗೆ ಬಂದು ತಿರುಗಿ ಹೋದ ಮಾತು ಇಷ್ಟೇ ಚಿಕ್ಕದು ಎಂದು ನೋಡಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮತ್ತೋಡಿನಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನನಗೆ ಬಂದ ಕುರಿಗಳನ್ನೆಲ್ಲ ಮಾರಿ, ಹೊಸದುರ್ಗದಲ್ಲಿ ನಾಲ್ಕು ಮನೆಗಳ ವಠಾರವೊಂದನ್ನು ಕೊಂಡೆ. ಕುರಿಯ ಹಿಂದೆ ಊರೂರು ಅಲೆದು, ಕಂಡವರ ಹೊಲದಲ್ಲಿ ಮಂದೆ ತರುಬಿ ಮಲಗಿ ಸಾಕಾಗಿತ್ತು. ತಲೆಯ ಮೇಲೆ ನನ್ನದೇ ಹೆಂಚು ಇರಲಿ ಎಂಬ ಆಸೆ. ನಮ್ಮಣ್ಣ ನಕ್ಕಿದ್ದ. “ಲೇ, ಕುರಿ ಆದ್ರೆ ಮರಿ ಹಾಕ್ತಾವೆ. ಮನೆ ಏನ್ ಹಾಕ್ತಾವಲೇ?” ಬಾಡಿಗೆ ಹಾಕುತ್ತವೆ ಎಂದು ಜಂಬದಿಂದ ಹೇಳಿ ಬಂದಿದ್ದೆ.

ಮನೆಗಳು ಏನು ಹಾಕುತ್ತವೆ ಎಂದು ಬಂದ ಮೇಲೆ ತಿಳಿಯಿತು. ಒಂದರ ಹೆಂಚು ಸರಿಮಾಡಿಸಿದರೆ ಇನ್ನೊಂದು ಸೋರುತ್ತಿತ್ತು. ಬಾವಿಯ ಹಗ್ಗ ಹರಿದರೆ ಹೊಸದನ್ನು ಯಾರು ತರಬೇಕೆಂದು ವಾರಗಟ್ಟಲೆ ಜಗಳ. ನಾಲ್ಕು ಮನೆಯಲ್ಲೂ ಬಾಡಿಗೆಯವರಿದ್ದುದರಿಂದ ಮಾಲೀಕನಾದ ನಾನೇ ಹಿತ್ತಲ ಸೌದೆಮನೆಯಲ್ಲಿ ಕಂಬಳಿ ಹಾಸಿಕೊಂಡು ಮಲಗುತ್ತಿದ್ದೆ. ಸಂಜೆಯಾದರೆ ನಾಲ್ಕೂ ಒಲೆಗಳಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಬಾವಿಕಟ್ಟೆಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಮಂದೆಯ ಜೊತೆ ಬಯಲಲ್ಲಿ ಮಲಗಿದಾಗಲೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ನೀವೊಬ್ಬರು ಮಾತ್ರ — “ಏನಪ್ಪ ತಮ್ಮ, ಉಂಡ್ಯಾ? ಬಾ, ಕುಂತ್ಕ, ಮುದ್ದೆ ಐತೆ” ಎನ್ನುತ್ತಿದ್ದಿರಿ. ಹತ್ತಿ ಮಿಲ್ಲಿನಲ್ಲಿ ದುಡಿದು ಎದೆ ಕೆಡಿಸಿಕೊಂಡಿದ್ದ ನಿಮ್ಮ ಯಜಮಾನರು ರುದ್ರಣ್ಣ, ಕೆಮ್ಮುತ್ತಲೇ ಗೋಡೆಯ ಕಡೆ ಸರಿದು ನನಗೆ ಜಾಗ ಬಿಡುತ್ತಿದ್ದರು. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ನಾನು ಮಾಡಿದ್ದು ಚಿಕ್ಕದಾಗಿ ಕಾಣುತ್ತದೆ.

ಆ ವರ್ಷ ಬಾಗೂರಿನಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹೆಣ್ಣಿನ ಅಪ್ಪ ವಠಾರ ನೋಡಲು ಬಂದವರು ಸೌದೆಮನೆಯ ಬಾಗಿಲಲ್ಲಿ ನಿಂತು ಕಂಬಳಿ, ಪೆಟ್ಟಿಗೆ ಎಲ್ಲ ನೋಡಿದರು. “ಒಂದ್ ಮನೆ ಖಾಲಿ ಮಾಡಿಸ್ಕಳ್ರಿ, ಆಮೇಲೆ ಮಾತಾಡಾಣ” ಎಂದು ಹೋದರು. ಯಾರನ್ನು ಬಿಡಿಸುವುದು? ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು. ಬಾಯಿಮಾತಿನಲ್ಲಿ ಕೇಳಿದರೆ ಬಿಡುವವರು ನೀವೊಬ್ಬರೇ ಎಂದು ಗೊತ್ತಿತ್ತು — ಕಾಯಿಲೆಯ ಗಂಡನನ್ನು ಕಟ್ಟಿಕೊಂಡು ನೀವು ಎಲ್ಲಿಗೂ ಹೋಗಲಾರಿರಿ ಎಂಬುದೂ ಗೊತ್ತಿತ್ತು. ಕೇಳಲು ನಾಚಿಕೆಯಾಯಿತು. ಕೇಳಲು ನಾಚಿದವನು ಮುಂದೆ ಮಾಡಿದ್ದಕ್ಕೆ ಮಾತ್ರ ನಾಚಲಿಲ್ಲ.

ಅವತ್ತು ಬೆಳಿಗ್ಗೆ ಮೊದಲನೆಯ ಮನೆಯ ಜೋಯಿಸರು ಜಗಲಿಯ ಮೇಲೆ ಪಂಚಾಂಗ ಬಿಡಿಸಿಕೊಂಡು, ಮಧ್ಯಾಹ್ನ ಮೂರರ ಮೇಲೆ ಪಂಚಕ ಹಿಡಿಯುತ್ತದೆಂದು ಯಾರಿಗೋ ಹೇಳುತ್ತಿದ್ದರು. ಆ ನಕ್ಷತ್ರಗಳಲ್ಲಿ ಸಾವಾದರೆ ಮನೆಯವರು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಹಾಕಿ ಆರು ತಿಂಗಳು ಮುಚ್ಚಬೇಕು, ಆಮೇಲೆ ದೋಷ ಕಳೆಯುತ್ತದೆ — ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೇಳಿಸಿಕೊಂಡು ನನ್ನ ಕೆಲಸಕ್ಕೆ ಹೋದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಊಟವಾದ ಮೇಲೆ ರುದ್ರಣ್ಣ ಎಳನೀರು ಬೇಕೆಂದರು. ನೀವು ನನ್ನನ್ನು ಕರೆದು, “ಇಲ್ಲೇ ಕುಂತಿರಪ್ಪ, ಈಗ ಬಂದೆ” ಎಂದು ಬಸ್ ಸ್ಟ್ಯಾಂಡಿನ ಕಡೆ ಹೊರಟಿರಿ. ನೀವು ಬೀದಿಯ ತಿರುವು ದಾಟಿದ್ದಿರೋ ಇಲ್ಲವೋ — ಅವರು ಒಮ್ಮೆ ಉಸಿರು ಎಳೆದುಕೊಂಡರು, ಬಿಡಲಿಲ್ಲ. ಕೆಮ್ಮಲೂ ಇಲ್ಲ. ಕೈ ಹಿಡಿದು ಕರೆದೆ, ಭುಜ ಅಲುಗಿಸಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಎದ್ದು ಹೊಸ್ತಿಲವರೆಗೆ ಬಂದೆ. ಜೋಯಿಸರನ್ನು ಕೂಗಬೇಕೆಂದೇ ಬಂದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಕೈಗಡಿಯಾರ ನೋಡಿದೆ — ಮೂರಕ್ಕೆ ಇನ್ನೂ ಹೊತ್ತಿತ್ತು. ಬಾಗಿಲು ಮುಂದೆ ಮಾಡಿ, ವಾಪಸು ಬಂದು ಕುಳಿತೆ.

ಬಾಯಿತಪ್ಪಿ ಬಂದ ಮಾತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಲ್ಲ. ಹೆಣದ ಪಕ್ಕದಲ್ಲಿ ಕುಳಿತು ಮೂರು ಗಂಟೆ ದಾಟಲಿ ಎಂದು ಕಾದೆ. ಮುಖದ ಮೇಲೆ ನೊಣ ಕೂರದ ಹಾಗೆ ಟವೆಲ್ಲು ಬೀಸುತ್ತಾ, ನೀವು ಬೇಗ ಬಾರದಿರಲಿ ಎಂದು ಬೇಡಿಕೊಂಡೆ. ಅವರ ಬಗ್ಗೆ ದುಃಖವೂ ಇತ್ತು — ನಿಜವಾಗಿಯೂ ಇತ್ತು. ದುಃಖ ಇದ್ದೂ ಹಾಗೆ ಕೂರಲು ಸಾಧ್ಯವಾಯಿತು ಎಂಬುದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಬಗ್ಗೆಯೇ ಭಯವಾಗುತ್ತದೆ.

ನೀವು ಎಳನೀರು ಹಿಡಿದು ಬಂದಾಗ ಮೂರು ದಾಟಿತ್ತು. ಹಣೆ ಮುಟ್ಟಿದಿರಿ. “ತಣ್ಣಗೈತಲ್ಲ ತಮ್ಮ...”

“ಈಗ. ಈಗ್ಲೇ ಹೋಯ್ತಕ್ಕ ಜೀವ.”

ನಿಮ್ಮ ಅಳು ಕೇಳಿ ವಠಾರವೆಲ್ಲ ಬಂತು. ಜೋಯಿಸರು ಹೊರಗೇ ನಿಂತು ಹೊತ್ತು ಕೇಳಿದರು. ಪಕ್ಕದಲ್ಲಿದ್ದವನು ನಾನು, ಗಡಿಯಾರ ಇದ್ದದ್ದೂ ನನ್ನ ಕೈಯಲ್ಲೇ. ಗಡಿಯಾರ ನೋಡಿ ಅದನ್ನೇ ಮತ್ತೆ ಹೇಳಿದೆ. ಅವರು ಕಣ್ಣು ಮುಚ್ಚಿ, “ಹಂಗಾದ್ರೆ ಪಂಚಕ. ಮನೆ ಬಿಡ್ಬೇಕು” ಎಂದರು.

ಜವನಗೊಂಡನಹಳ್ಳಿಯಿಂದ ನಿಮ್ಮ ಅಣ್ಣಂದಿರು ಬಂದು ಮಣ್ಣು ಮಾಡಿದರು, ನಿಮ್ಮನ್ನು ಕರೆದುಕೊಂಡು ಹೊರಟರು. ಗಾಡಿ ಹತ್ತುವ ಮುಂಚೆ ನೀವು ನನ್ನ ಮುಂದೆ ಬಂದು ಕೈ ಮುಗಿದಿರಿ. “ನಿನ್ ಮನೆಗೆ ಕೆಟ್ಟದ್ದು ಮಾಡಿ ಹೋಗ್ತಾ ಇದೀವಿ ತಮ್ಮ. ತಪ್ಪಾತು.” ನಾನು ತಲೆಯಾಡಿಸಿದೆ. ಆಮೇಲೆ ಹಳ್ಳದ ಕಡೆ ಹೋಗಿ ಜಾಲಿ ಮುಳ್ಳು ಕಡಿದು ತಂದು ನನ್ನ ಕೈಯಾರೆ ಬಾಗಿಲಿಗೆ ಹಾಕಿದೆ.

ಬಾಗೂರಿನವರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಪಂಚಕದ ಮನೆಗೆ ಹೆಣ್ಣು ಕೊಡಲು ಆಗುವುದಿಲ್ಲ ಎಂದು ಹೇಳಿಕಳಿಸಿದರು. ಒಂದೇ ಜಂತಿಯ ಕೆಳಗಿನ ಮನೆಗಳಿಗೂ ದೋಷ ತಟ್ಟುತ್ತದೆಂದು ಜೋಯಿಸರೂ ಬಿಟ್ಟು ಹೋದರು. ಆರು ತಿಂಗಳಾದ ಮೇಲೆ ಮುಳ್ಳು ತೆಗೆದೆ. ಬಾಡಿಗೆಗೆ ಯಾರೂ ಬರಲಿಲ್ಲ. ನಾನೇ ಹೋಗಿ ಮಲಗಿದೆ. ಇವತ್ತಿಗೂ ಅಲ್ಲೇ ಮಲಗುತ್ತೇನೆ, ಒಬ್ಬನೇ. ಮದುವೆಯ ಮಾತು ಮತ್ತೆ ಏಳಲಿಲ್ಲ, ನಾನೂ ಎಬ್ಬಿಸಲಿಲ್ಲ. ಶಿಕ್ಷೆ ಆಯಿತಲ್ಲ ಎಂದುಕೊಂಡರೆ ಎಷ್ಟು ಹಿತವಾಗುತ್ತದೆ. ಆದರೆ ನಾನು ಒಬ್ಬನೇ ಉಂಡು ಮಲಗಿದ್ದರಿಂದ ನಿಮಗೇನು ಸಿಕ್ಕಿತು?

ಕೆಲವು ವರ್ಷಗಳಾದ ಮೇಲೆ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಿರಿ. ನೀವೇ ಗುರುತು ಹಿಡಿದು ಕರೆದಿರಿ. ಊಟ ಆಯಿತೇ ಎಂದು ಕೇಳಿದಿರಿ — ಅದೇ ಧ್ವನಿ. ಹೋದ ಹೊಸತರಲ್ಲಿ ಅಣ್ಣಂದಿರು ನಿಮ್ಮನ್ನು ಆರು ತಿಂಗಳು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರಂತೆ, ಪಂಚಕ ನಿಮ್ಮ ಬೆನ್ನ ಹಿಂದೆಯೇ ಬಂದಿದೆ ಎಂದು. ಈಗಲೂ ಅತ್ತಿಗೆ ಎಲ್ಲಿಗಾದರೂ ಹೊರಡುವಾಗ ನಿಮ್ಮನ್ನು ಒಳಗೆ ಹೋಗಲು ಹೇಳುತ್ತಾರಂತೆ. ಇದನ್ನೆಲ್ಲ ದೂರಿನ ಹಾಗೆ ಹೇಳಲೇ ಇಲ್ಲ ನೀವು. ಆಮೇಲೆ ಧ್ವನಿ ತಗ್ಗಿಸಿದಿರಿ.

“ಅದೆಲ್ಲ ಹೋಗ್ಲಿ ಬಿಡು. ಅವತ್ತು ಬಸ್ ಸ್ಟ್ಯಾಂಡಲ್ಲಿ ನಮ್ಮೂರೋರು ಸಿಕ್ರು ಅಂತ ಮಾತಾಡ್ಕಂತ ನಿಂತ್ಬಿಟ್ಟೆ ನಾನು. ನಿಲ್ದಿದ್ರೆ ಬಾಯಿಗೆ ಒಂದ್ ಗುಟುಕು ಎಳನೀರಾದ್ರೂ ಬಿಡ್ತಿದ್ದೆ. ಅಲ್ವ ತಮ್ಮ?”

ನಾನು ಕದ್ದದ್ದು ಮನೆಯೊಂದನ್ನೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ‘ಈಗ್ಲೇ’ ಎಂಬ ಒಂದು ಮಾತಿಗೆ ನೀವು ಅಷ್ಟು ವರ್ಷ ನಿಮ್ಮನ್ನೇ ಬೈದುಕೊಂಡು ಬದುಕಿದ್ದಿರಿ. ಅದು ಗೊತ್ತಾದ ಮೇಲಾದರೂ ಹೇಳಬೇಕಿತ್ತು. ನಿಮ್ಮ ಬಸ್ಸು ಇನ್ನೂ ಬಂದಿರಲಿಲ್ಲ. ಹೊತ್ತಿತ್ತು. “ಬಿಡಕ್ಕ, ಆಗಿದ್ದಾತು” ಎಂದೆ. ಅಲ್ಲ ಎನ್ನಲಿಲ್ಲ. ಮೊದಲ ಸುಳ್ಳಿಗಿಂತ ಇದು ಕೀಳು.

ನಿಮಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೂ ಇಷ್ಟು ಉದ್ದ ಬರೆದೆ — ಇದೂ ತಪ್ಪಿಸಿಕೊಳ್ಳುವ ಒಂದು ದಾರಿಯೇ ಇರಬೇಕು. ನೀವಿನ್ನೂ ಇದ್ದೀರಿ, ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ ಎಂದು ಮೊನ್ನೆ ನಿಮ್ಮ ಊರಿನವರೊಬ್ಬರು ಹೇಳಿದರು. ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಅಣ್ಣಂದಿರು, ಅತ್ತಿಗೆ, ಮನೆಯವರೆಲ್ಲ ಇರುವಾಗಲೇ ಪಂಚಕದ ಸುಳ್ಳನ್ನು ಹೇಳುತ್ತೇನೆ. ಅವರು ಹೊಡೆದರೆ ಹೊಡೆಯಲಿ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ.

ಆದರೆ ಅದಕ್ಕೂ ಮೊದಲು, ನಿಮ್ಮ ಹತ್ತಿರ ಕುಳಿತು ನಿಮಗೊಬ್ಬರಿಗೇ ಹೇಳಬೇಕಾದದ್ದು ಬೇರೆ ಇದೆ. ಎಲ್ಲೂ ನಿಲ್ಲದೆ ನೀವು ಓಡಿ ಬಂದಿದ್ದರೂ ರುದ್ರಣ್ಣ ಸಿಗುತ್ತಿರಲಿಲ್ಲ. ನೀವು ತಡ ಮಾಡಲಿಲ್ಲ, ಅಕ್ಕ.