ಗ್ಯಾಸ್ ಖಲಾಸ್

ತುಂಬಿದ ಗ್ಯಾಸ್ ಸಿಲಿಂಡರನ್ನು ಸದ್ದಾಗದ ಹಾಗೆ ನೆಲಕ್ಕೆ ಇಳಿಸುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಬೇರೆಯವರು ಧಡ್ ಅಂತ ಹಾಕುತ್ತಾರೆ. ಟೈಲ್ಸ್ ಒಡೆಯುತ್ತದೆ, ಕೆಳಗಿನ ಮನೆಯವರು ಏನು ಬಿತ್ತು ಅಂತ ಬಾಗಿಲು ತೆರೆಯುತ್ತಾರೆ. ಹಸನಾಕ ಹಾಗಲ್ಲ. ಮೈ ಒರೆಸುವ ಬೈರಾಸನ್ನು ಎಡ ಹೆಗಲ ಮೇಲೆ ಮಡಚಿ ಹಾಕಿ, ಅದರ ಮೇಲೆ ಸಿಲಿಂಡರ್ ಹೊತ್ತು, ದುಬೈಯ ಸತ್ವಾದಲ್ಲಿರುವ ನಮ್ಮ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಾಳಿಗೆಗೆ ಹತ್ತಿ ಬರುತ್ತಿದ್ದರು. ಅಡಿಗೆಮನೆಗೆ ಬಂದವರು ಮೊದಲು ಆ ಬೈರಾಸನ್ನು ನೆಲಕ್ಕೆ ಜಾರಿಸುತ್ತಿದ್ದರು. ಸಿಲಿಂಡರಿನ ಅಂಚನ್ನು ಅದಕ್ಕೆ ತಾಗಿಸಿ, ಮೊಣಕಾಲು ಕೊಟ್ಟು ನಿಲ್ಲಿಸುತ್ತಿದ್ದರು. ನಾನು ಆಚೆ ತಿರುಗಿ ನೀರುಳ್ಳಿ ಕೊಚ್ಚುತ್ತಿದ್ದರೆ ಸಿಲಿಂಡರ್ ಬಂದದ್ದೇ ಗೊತ್ತಾಗುತ್ತಿರಲಿಲ್ಲ.

"ಕಳ್ಳನ ಕಾಲು ನಿಮ್ಮದು" ಅಂತ ಒಮ್ಮೆ ಹೇಳಿದೆ.

"ಕಳ್ಳ ತಕ್ಕೊಂಡು ಹೋಗುವುದು ಅಕ್ಕ. ನಾನು ತಂದು ಇಡುವುದಲ್ವಾ?" ಅಂದರು.

ಅವರ ಹೆಸರು ಹಸನಬ್ಬ. ಬಂಟ್ವಾಳದ ಆಚೆಯವರು. ಊರಿನಲ್ಲಿ ಬ್ಯಾರಿಗಳು ಹಿರಿಯರನ್ನು ಕರೆಯುವ ಹಾಗೆ ನಮ್ಮ ಕಟ್ಟಡದವರೆಲ್ಲ ಹಸನಾಕ ಎನ್ನುತ್ತಿದ್ದೆವು. ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರು. ವಯಸ್ಸು ಕೇಳಿದರೆ ನನ್ನ ವಯಸ್ಸು ಎಷ್ಟೆಂದು ಕೇಳಿ, ಅದಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತಿದ್ದರು. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಈ ದುಬೈಯಲ್ಲಿ ತಾನು ಗ್ಯಾಸ್ ಕೊಡದ ಬೀದಿಯೇ ಇಲ್ಲ, ದೊಡ್ಡ ದೊಡ್ಡ ಟವರಿನವರೆಲ್ಲ ಮೊದಲು ತನ್ನ ಸಿಲಿಂಡರಿನಲ್ಲಿ ಗಂಜಿ ಬೇಯಿಸಿದವರೇ ಎಂದು ಕೊಚ್ಚಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧಕ್ಕರ್ಧ ಸುಳ್ಳು. ನಾನು ಮುಖದ ಮೇಲೆಯೇ ಹೇಳುತ್ತಿದ್ದೆ. ಅವರಿಗೆ ಬೇಸರವಾಗುತ್ತಿರಲಿಲ್ಲ.

ಗ್ಯಾಸ್ ಮುಗಿದರೆ ನಾನು ಫೋನು ಮಾಡಿ "ಹಸನಾಕ, ಖಲಾಸ್" ಎನ್ನುವುದು. ಅವರು "ಯಲ್ಲಾ, ಬಂದೆ" ಎಂದು ಫೋನು ಇಡುವುದು. ಹೆಸರು, ಮನೆ ಯಾವುದೂ ಹೇಳಬೇಕಾಗಿರಲಿಲ್ಲ. ಈ ದೇಶದಲ್ಲಿ ಮುಗಿದದ್ದೆಲ್ಲ ಖಲಾಸ್. ಊಟ ಖಲಾಸ್, ಡ್ಯೂಟಿ ಖಲಾಸ್, ವೀಸಾ ಖಲಾಸ್. ನಮ್ಮಿಬ್ಬರ ನಡುವೆ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ಸಿಲಿಂಡರ್ ಬರಿದಾಯಿತು, ಇನ್ನೊಂದು ತನ್ನಿ ಎಂದು.

ಹಸನಾಕ ಮನೆಗಳನ್ನು ಅಳೆಯುತ್ತಿದ್ದುದು ಸಿಲಿಂಡರಿನಲ್ಲಿ. ಬೇಗ ಮುಗಿದರೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ, ನೆಂಟರು ಬರುತ್ತಾರೆ. ಬಹಳ ದಿನ ಬಂದರೆ ಮಾತುಕತೆ ನಿಂತಿದೆ, ಒಬ್ಬೊಬ್ಬರೂ ಹೊರಗೆ ತಿಂದು ಬರುತ್ತಾರೆ. "ಗಂಡ ಹೆಂಡ್ತಿ ಬಾಯಿ ಮುಚ್ಚಿದ್ರೆ ಒಲೆ ಹೇಳ್ತದಕ್ಕ" ಎನ್ನುತ್ತಿದ್ದರು. ಕೇಳಲಿಕ್ಕೆ ನಗೆ. ಆ ಮಾತು ನಮ್ಮ ಮನೆಗೇ ಬಂದಾಗ ನಗೆ ಬರಲಿಲ್ಲ.

ನಾನಿರುವುದು ಮಗಳು ಶಾಲಿನಿಯ ಜೊತೆ. ಅವಳು ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂರುತ್ತಾಳೆ. ಅಳಿಯ ದಿನೇಶ ಕಂಪೆನಿ ಬಸ್ಸು ಹಿಡಿದು ಜೆಬೆಲ್ ಅಲಿಯ ಗೋದಾಮಿಗೆ ಹೋಗುತ್ತಾನೆ. ಶಾಲಿನಿಗೆ ಅಲ್ ಬರ್ಷಾದಲ್ಲಿ ಮನೆ ಮಾಡಬೇಕು, ಅವನಿಗೆ ಸತ್ವಾ ಬಿಡುವ ಮನಸ್ಸಿಲ್ಲ. ಅದಕ್ಕೆ ಜಗಳ ಹತ್ತಿ ಇಬ್ಬರೂ ಮಾತು ಬಿಟ್ಟರು. ಅವಳು ಬ್ರೆಡ್ಡು ತಿಂದು ಮಲಗುವುದು, ಅವನು ಹೋಟೆಲಿನಲ್ಲಿ ಮುಗಿಸಿ ಬರುವುದು. ನಾನು ನನ್ನೊಬ್ಬಳಿಗೆ ಹಿಡಿ ಅಕ್ಕಿ ಬೇಯಿಸುತ್ತಿದ್ದೆ. ಆ ಸಲ ಖಲಾಸ್ ಹೇಳಲಿಕ್ಕೆ ತಡವಾಯಿತು. ಹಸನಾಕ ಬಂದು, ಬರಿದಾದ ಸಿಲಿಂಡರನ್ನು ಕಾಲಿನಲ್ಲಿ ಅಲ್ಲಾಡಿಸಿ, ಸ್ವರ ತಗ್ಗಿಸಿ ಕೇಳಿದರು.

"ಯಾರು ಯಾರಿಗೆ ಮಾತಾಡುವುದಿಲ್ಲಕ್ಕ?"

ಮೆಟ್ಟಿಲು ಇಳಿಯುವಾಗ "ಒಂದು ದಿನ ಬಂಗುಡೆ ಮೀನು ಕಾಯಿಸಿ. ವಾಸನೆಗೆ ಇಬ್ರೂ ಬರ್ತಾರೆ" ಎಂದು ಹೇಳಿ ಹೋದರು. ಕಾಯಿಸಿದೆ. ಬಂದರು. ಬಂಗುಡೆಯಿಂದಲೇ ಸರಿಹೋಯಿತೋ, ತಾವಾಗಿಯೇ ಸರಿಹೋದರೋ, ನನಗೆ ಗೊತ್ತಿಲ್ಲ.

ಅದಾದ ಮೇಲಿನ ಸಿಲಿಂಡರ್ ಬೇಗ ಮುಗಿಯಿತು. ಅದನ್ನು ಬದಲಾಯಿಸಲು ಹಸನಾಕ ಬಂದದ್ದು ಒಂದು ರಜೆಯ ದಿನ. ಶಾಲಿನಿಯ ಮೇಲಿನ ಮ್ಯಾನೇಜರ್ ಹೆಂಗಸು, ಮೈಸೂರಿನ ಕಡೆಯವರು, ಅಲ್ ಬರ್ಷಾದಲ್ಲಿ ಮನೆ ಇರುವವರು, ಗಂಡನ ಜೊತೆ ಚಹಾಕ್ಕೆ ಬಂದು ಕೂತಿದ್ದರು. ಹಸನಾಕ ಸಿಲಿಂಡರ್ ಹೊತ್ತು ಅವರ ಮುಂದಿನಿಂದಲೇ ದಾಟುತ್ತಾ ಖುಷಿಯಿಂದ ಕೂಗಿದರು.

"ಈ ಸಲ ಬೇಗ ಖಲಾಸ್. ಅಂದ್ರೆ ಗಂಡ ಹೆಂಡ್ತಿ ರಾಜಿ ಆಯ್ತು."

ಮ್ಯಾನೇಜರ್ ಹೆಂಗಸು ಚಹಾದ ಕಪ್ಪು ನೋಡಿದರು. ಗಂಡ ಕಿಟಕಿ ನೋಡಿದರು. ಶಾಲಿನಿಯ ಕಿವಿ ಕೆಂಪಾಯಿತು. ಚಹಾಕ್ಕೆ ಬಂದವರು ಹೋದ ಮೇಲೆ ಅವಳು ತಟ್ಟೆಗಳನ್ನು ಸಿಂಕಿಗೆ ಹಾಕಿ ನನಗೆ ಹೇಳಿದಳು.

"ಇನ್ನು ಆ ಗ್ಯಾಸಿನ ಜನ ಈ ಮನೆಗೆ ಬರ್ಲಿಕ್ಕಿಲ್ಲ ಅಮ್ಮ. ನಾಳೆ ಕ್ಲಿನಿಕ್ಕಿನಲ್ಲಿ ಹೇಗೆ ಮುಖ ತೋರಿಸ್ಲಿ ನಾನು?"

ದಿನೇಶ ಮೊದಲು ಕರೆಂಟಿನ ಒಲೆ ತರುತ್ತೇನೆ ಎಂದ. ನನ್ನ ನೀರುದೋಸೆ ಕಾವಲಿ ಅದರಲ್ಲಿ ಸರಿಯಾಗಿ ಕೂರುವುದಿಲ್ಲ, ಬೇಡ ಎಂದೆ. ಹಾಗಾದರೆ ಗ್ಯಾಸ್ ತರುವವರನ್ನೇ ಬದಲಾಯಿಸೋಣ ಎಂದ. ಅವನ ಗೋದಾಮಿನವರು ಒಂದು ಹೊಸ ಕಂಪೆನಿಯಿಂದ ತರಿಸುತ್ತಾರಂತೆ. ಫೋನಿನಲ್ಲಿ ಒತ್ತಿದರೆ ಸಾಕು, ಯೂನಿಫಾರಂ ಹಾಕಿದವನು ಬಂದು ಇಟ್ಟು ಹೋಗುತ್ತಾನೆ, ಒಂದು ಮಾತೂ ಆಡುವುದಿಲ್ಲವಂತೆ.

"ಒಲೆ ನಿಮ್ಮದು ಮಾಮಿ. ನೀವು ಹೇಳಿದ ಹಾಗೆ" ಎಂದು ನನ್ನ ತಲೆಗೆ ಕಟ್ಟಿದ.

ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಹಸನಾಕರ ಅಂಗಡಿಯ ಧಣಿ ಅವರನ್ನು ಊರಿಗೆ ಕಳಿಸಲು ನೋಡುತ್ತಿದ್ದ. ಬೇರೆ ಕಟ್ಟಡಗಳೆಲ್ಲ ಕೈ ಬಿಟ್ಟಿದ್ದವು. "ಈ ಬಿಲ್ಡಿಂಗ್ ಉಂಟು ಅಂತ ನನ್ನನ್ನು ಇಟ್ಟದ್ದು. ನೀವು ಬಿಟ್ರೆ ಇವರೆಲ್ಲ ಬಿಡ್ತಾರೆ" ಎಂದು, ಸಿಲಿಂಡರ್ ಇಟ್ಟ ಮೇಲೆ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಒಮ್ಮೆ ಹೇಳಿದ್ದರು. ಸುಳ್ಳಲ್ಲ. ಈ ಕಟ್ಟಡದಲ್ಲಿ ಹಳಬಳು ನಾನೇ. ಹೊಸದಾಗಿ ಬಂದವರು ಗ್ಯಾಸಿಗೆ ಯಾರೆಂದು ನನ್ನನ್ನೇ ಕೇಳುವುದು.

ಎರಡು ದಿನ ಯೋಚಿಸಿದೆ. ಮಗಳ ಮನೆಯಲ್ಲಿ ಇರುವವಳು ನಾನು, ಅವಳ ಮುಖ ನೋಡಬೇಕು. "ತರಿಸಿ" ಎಂದೆ.

ಹಸನಾಕರ ಸಿಲಿಂಡರ್ ಮುಗಿದಾಗ ಅದರ ಬದಲಿಗೆ ಹೊಸ ಕಂಪೆನಿಯದ್ದು ಬಂತು. ಅದರ ರೆಗ್ಯುಲೇಟರೇ ಬೇರೆ. ಹಸನಾಕರದ್ದನ್ನು ಸ್ಪಾನರಿನಲ್ಲಿ ತಿರುಗಿಸಬೇಕಿತ್ತು, ಇದನ್ನು ಒತ್ತಿದರೆ ಕೂರುತ್ತದೆ. ಅವರಿಗೆ ಹೇಳಬೇಕು, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು.

"ಅಕ್ಕಾ, ಇನ್ನೂ ಮುಗೀಲಿಲ್ವಾ? ಇಷ್ಟು ದಿನ ಯಾವತ್ತೂ ಬಂದದ್ದಿಲ್ಲ. ಪುನಃ ಶುರುವಾಯ್ತಾ ಮನೆಯಲ್ಲಿ?"

ಬೇರೆ ಕಡೆಯಿಂದ ತರಿಸಿದೆವು ಎನ್ನಲು ಬಾಯಿ ಬರಲಿಲ್ಲ. ನಮ್ಮದು ನಿಮ್ಮದು ಇಲ್ಲಿಗೆ ಮುಗಿಯಿತು ಎನ್ನಲು ಬಾಯಿಗೆ ಬಂದದ್ದು ಒಂದೇ ಮಾತು.

"ಇಲ್ಲ ಹಸನಾಕ. ಖಲಾಸ್."

"ಖಲಾಸಾ? ಹಾಗೆ ಹೇಳಿ ಮತ್ತೆ. ನಾನು ಏನೆಲ್ಲ ಗ್ರಹಿಸಿದೆ. ಯಲ್ಲಾ, ಬಂದೆ" ಎಂದು ಫೋನು ಇಟ್ಟರು.

ಅಲ್ಲಿಯೇ ವಾಪಸು ಫೋನು ಮಾಡಿದ್ದರೆ ಆಗುತ್ತಿತ್ತು. ಫೋನು ಕೈಯಲ್ಲೇ ಇತ್ತು. ಮಾಡಿದರೆ ಬಿಡಿಸಿ ಹೇಳಬೇಕಲ್ಲ. ಅಡಿಗೆಮನೆಯ ಬಾಗಿಲು ಎಳೆದುಕೊಳ್ಳೋಣ ಎಂದುಕೊಂಡೆ, ಅದೂ ಮಾಡಲಿಲ್ಲ.

ಅವರು ಬಂದರು. ಸೆಕೆಗೆ ಬೈರಾಸು ಒದ್ದೆಯಾಗಿತ್ತು. ಎಂದಿನ ಹಾಗೆ ಅದನ್ನು ನೆಲಕ್ಕೆ ಜಾರಿಸಿ, ಬಾಗಿ, ಸಿಲಿಂಡರಿನ ಅಂಚು ತಾಗಿಸಿದರು. ಹಾಗೆ ಬಾಗಿದಾಗಲೇ ಒಲೆಯ ಕೆಳಗೆ ಇದ್ದ ಹೊಸ ಕಂಪೆನಿಯ ಸಿಲಿಂಡರ್ ಕಣ್ಣಿಗೆ ಬಿತ್ತು. ಬಾಗಿಕೊಂಡೇ ಅದನ್ನು ನೋಡಿದರು.

"ಓ" ಅಂದರು. "ಆ ಖಲಾಸಾ."

ನಾನು ಗೋಡೆ ನೋಡಿದೆ.

"ನಾನೊಂದು ಮರುಳ. ನೀವು ಸರಿಯಾಗಿಯೇ ಹೇಳಿದ್ದು, ನನಗೆ ತಿಳಿಯಲಿಲ್ಲ" ಎಂದರು. ಅವರಿಗೇ ನಾಚಿಕೆಯಾದ ಹಾಗೆ ಗಡ್ಡ ಉಜ್ಜಿಕೊಂಡರು. "ಮನೆಯಲ್ಲಿ ಜಗಳ ಇಲ್ಲ ಅಲ್ಲ?"

"ಇಲ್ಲ."

"ಹಾಗಾದ್ರೆ ಆಯ್ತು."

ನೀರು ಕೊಡಲೇ ಎಂದು ಕೇಳಿದೆ. ಕೇಳಿಸಿತೋ ಇಲ್ಲವೋ. ತುಂಬಿದ ಸಿಲಿಂಡರನ್ನು ಪುನಃ ಹೆಗಲಿಗೆ ಏರಿಸಿ ಹೊರಟರು. ಬೈರಾಸು ನೆಲದಲ್ಲೇ ಉಳಿಯಿತು. ಎತ್ತಿಕೊಂಡು ಬಾಗಿಲ ತನಕ ಓಡಿದೆ, ಕೂಗಲಿಲ್ಲ. ಹತ್ತುವಾಗ ಎಲ್ಲಿಯೂ ಇಳಿಸದ ಮನುಷ್ಯ ಇಳಿಯುವಾಗ ಒಂದೊಂದು ಮಾಳಿಗೆಗೂ ಇಳಿಸಿದರು. ಧಡ್ ಅಂತ ಕೇಳಿಸಿತು. ಬಾಗಿಲುಗಳು ತೆರೆದವು. ಎರಡನೇ ಮಾಳಿಗೆಯ ಹೆಂಗಸು ತಲೆ ಎತ್ತಿ "ಏನಾಯ್ತು ಗಿರಿಜಕ್ಕ? ತುಂಬಿದ್ದನ್ನೇ ವಾಪಸ್ ತಕ್ಕೊಂಡು ಹೋಗ್ತಾರಲ್ಲ?" ಎಂದು ಕೇಳಿದಳು.

"ನಾವು ಬೇರೆಯವರಿಂದ ತರಿಸಿದೆವು" ಎಂದೆ. ಹಸನಾಕರಿಗೆ ಹೇಳಲಾಗದ್ದು ಅವಳಿಗೆ ಸಲೀಸಾಗಿ ಹೇಳಿದೆ.

"ಹೌದಾ? ನಂಬರ್ ಕೊಡಿ" ಎಂದಳು.

ಅವಳೂ ಬದಲಾಯಿಸಿದಳು, ಅವಳ ಕೆಳಗಿನವರೂ ಬದಲಾಯಿಸಿದರು. ಆಮೇಲೆ ಹಸನಾಕ ಈ ಬೀದಿಯಲ್ಲಿ ಕಾಣಲಿಲ್ಲ. ತರಕಾರಿ ತರುವಾಗ ಒಮ್ಮೆ ಅವರ ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿದ್ದವನು "ಬುಡ್ಢಾ ಖಲಾಸ್" ಎಂದ. ಸತ್ತರೋ, ಊರಿಗೆ ಕಳಿಸಿದರೋ? ನನ್ನ ಮುಖ ನೋಡಿ "ವೀಸಾ, ವೀಸಾ" ಎಂದು ಸೇರಿಸಿದ. ಫೋನು ಮಾಡಿದರೆ ಆ ನಂಬರಿಲ್ಲ ಎಂದು ಹೇಳುತ್ತದೆ. ಬೈರಾಸನ್ನು ಒಗೆದು ಮಡಚಿ ಇಟ್ಟಿದ್ದೇನೆ. ಒರೆಸಲಿಕ್ಕೆ ಬಳಸಲು ಮನಸ್ಸು ಬರುವುದಿಲ್ಲ.

ಅಲ್ ಬರ್ಷಾದ ಮಾತು ಪುನಃ ಎದ್ದಿದೆ. ಶಾಲಿನಿ ಬ್ರೆಡ್ಡು ತಿನ್ನುತ್ತಿದ್ದಾಳೆ, ದಿನೇಶ ಹೊರಗೆ ಉಂಡು ಬರುತ್ತಿದ್ದಾನೆ. ಈ ಸಲದ ಸಿಲಿಂಡರ್ ಬಹಳ ದಿನ ಬಂತು. ಯೂನಿಫಾರಂ ಹಾಕಿದವನು ಬಂದ, ಧಡ್ ಅಂತ ಇಟ್ಟ, ಬರಿದಾದದ್ದನ್ನು ಎತ್ತಿಕೊಂಡು ಹೋದ. ಏನೂ ಕೇಳಲಿಲ್ಲ. ನಾವು ಬದಲಾಯಿಸಿದ್ದೂ ಅದಕ್ಕೇ.